ಮೇನ್ ಕೇಬಲ್‌ಗೆ ಮನಬಂದಂತೆ ಟ್ಯಾಪಿಂಗ್ ಬೇಡ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ದುರ್ಗದ ಬೈಲ್, ಕೊಪ್ಪಿಕರ ರಸ್ತೆಯಂಥ ಹಳೆಯ ಪೇಟೆಗಳಲ್ಲಿ ಒಂದು ದೊಡ್ಡ ಮಳಿಗೆಯನ್ನು ಎರಡು ಮೂರು ಭಾಗ ಮಾಡಿ ಬಾಡಿಗೆಗೆ ಕೊಡುವುದು ಸಾಮಾನ್ಯವಾಗಿದೆ. ಆಗ ಮೀಟರ್ ಕೋಣೆಯಿಂದ ಪ್ರತ್ಯೇಕ ಕೇಬಲ್ ಎಳೆಯುವ ಖರ್ಚು ಉಳಿಸಲೆಂದು, ಮಹಡಿಗೆ ಹೋಗುವ ಮೇನ್ ಕೇಬಲ್‌ನ ಹೊದಿಕೆಯನ್ನು ನಡುವೆಯೇ ಸುಲಿದು, ಸಣ್ಣ ವೈರು ಸುತ್ತಿ, ಟೇಪು ಹಚ್ಚಿ, ಫಾಲ್ಸ್ ಸೀಲಿಂಗ್ ಮೇಲೆ ಮರೆಮಾಡಿರುವುದನ್ನು ವಿದ್ಯುತ್ ಗುತ್ತಿಗೆದಾರನಾಗಿ ನಾನು ಅನೇಕ ಕಟ್ಟಡಗಳಲ್ಲಿ ಕಂಡಿದ್ದೇನೆ.

ಮೇನ್ ಕೇಬಲ್‌ಗೆ ಕೆಳಗೆ 200 ಆಂಪಿಯರ್ ಬ್ರೇಕರ್ (ಕರೆಂಟು ಮಿತಿ ಮೀರಿದರೆ ತಾನೇ ಕಡಿತಗೊಳಿಸುವ ಸ್ವಿಚ್ಚು) ಇದೆ ಎಂದುಕೊಳ್ಳೋಣ. ಅದು ಕಾಯುವುದು ಆ ದಪ್ಪ ಕೇಬಲನ್ನೇ ಹೊರತು, ಅದಕ್ಕೆ ಜೋಡಿಸಿದ, ಸುಮಾರು 30 ಆಂಪಿಯರ್ ಮಾತ್ರ ತಡೆಯಬಲ್ಲ 4 ಚದರ ಮಿ.ಮೀ. ತಾಮ್ರದ ವೈರನ್ನಲ್ಲ. ಅಂಗಡಿಯೊಳಗೆ ಎಂಸಿಬಿ (ಸಣ್ಣ ಬ್ರೇಕರ್) ಇದೆಯಲ್ಲ ಎಂಬುದು ಮಾಲೀಕರ ಸಿದ್ಧ ಉತ್ತರ. ಆ ಎಂಸಿಬಿ ಅಂಗಡಿಯ ಲೋಡು ಮಿತಿ ಮೀರದಂತೆ ನೋಡಿಕೊಳ್ಳುತ್ತದೆ, ನಿಜ. ಆದರೆ ಜೋಡಣೆಯ ಜಾಗದಿಂದ ಎಂಸಿಬಿವರೆಗಿನ ವೈರನ್ನು ಇಲಿ ಕಡಿದು ಶಾರ್ಟ್ ಆದರೆ, ಆ ಕರೆಂಟು ಎಂಸಿಬಿ ಮೂಲಕ ಹರಿಯುವುದೇ ಇಲ್ಲವಾದ್ದರಿಂದ, ಅದು ಏನೂ ಮಾಡಲಾರದು.

ಕಟ್ಟಡಗಳ ವೈರಿಂಗ್ ಕುರಿತ ಭಾರತೀಯ ಮಾನಕ ಐಎಸ್ 732 ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಾಹಕದ ಗಾತ್ರ ಎಲ್ಲಿ ಕಡಿಮೆಯಾಗುತ್ತದೋ ಅಲ್ಲಿಯೇ ಅದಕ್ಕೆ ತಕ್ಕ ಫ್ಯೂಸ್ ಅಥವಾ ಬ್ರೇಕರ್ ಇರಬೇಕು. ಅಲ್ಲಿ ಸಾಧ್ಯವಾಗದಿದ್ದರೆ 3 ಮೀಟರ್ ಒಳಗೆ ಇಡಬಹುದು. ಆದರೆ ಆ ಅಂತರದಲ್ಲಿ ಮತ್ತೊಂದು ಕವಲಾಗಲಿ ಪ್ಲಗ್ ಆಗಲಿ ಇರಕೂಡದು, ಶಾರ್ಟ್ ಆಗುವ ಸಂಭವ ಅತ್ಯಲ್ಪವಾಗಿರುವಂತೆ ವೈರು ಭದ್ರವಾಗಿರಬೇಕು, ಹತ್ತಿರದಲ್ಲಿ ಉರಿಯುವ ವಸ್ತು ಇರಬಾರದು. ಬಟ್ಟೆಯ ದಾಸ್ತಾನಿನ ನೆತ್ತಿಯ ಮೇಲೆ ಈ ವಿನಾಯಿತಿ ಹೇಗೆ ಅನ್ವಯಿಸೀತು? ಅಮೆರಿಕದ ವಿದ್ಯುತ್ ಸಂಹಿತೆಯಲ್ಲಿ 25 ಅಡಿವರೆಗೆ ಅವಕಾಶವಿದೆಯೆಂದು ವಾದಿಸುವ ಕಿರಿಯ ಎಲೆಕ್ಟ್ರಿಷಿಯನ್ನರೂ ಇದ್ದಾರೆ. ಅಲ್ಲಿಯೂ ಕವಲು ವೈರಿನ ಸಾಮರ್ಥ್ಯ ಮೇನ್ ಕೇಬಲ್‌ನ ಬ್ರೇಕರ್‌ನ ಮೂರನೇ ಒಂದು ಭಾಗಕ್ಕಿಂತ, ಅಂದರೆ ಇಲ್ಲಿ ಸುಮಾರು 67 ಆಂಪಿಯರ್‌ಗಿಂತ, ಕಡಿಮೆ ಇರುವಂತಿಲ್ಲ. ನಮ್ಮ 4 ಚದರ ಮಿ.ಮೀ. ವೈರು ಆ ಪರೀಕ್ಷೆಯಲ್ಲಿಯೂ ಪಾಸಾಗದು.

ಅಲ್ಯೂಮಿನಿಯಂ ಕೇಬಲ್‌ಗೆ ತಾಮ್ರದ ವೈರನ್ನು ನೇರವಾಗಿ ಸುತ್ತುವುದು ಇನ್ನೂ ಕೆಟ್ಟದ್ದು. ಎರಡೂ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಹಿಡಿತ ಸಡಿಲವಾಗಿ, ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಬೆಳೆದು, ಜೋಡಣೆ ಬಿಸಿಯಾಗುತ್ತದೆ; ಕರೆಂಟು ಹೆಚ್ಚದ ಕಾರಣ ಯಾವ ಬ್ರೇಕರ್‌ಗೂ ಈ ಬಿಸಿಯ ಸುಳಿವು ಹತ್ತುವುದಿಲ್ಲ. ಬೈಮೆಟಾಲಿಕ್ ಲಗ್ (ತಾಮ್ರ-ಅಲ್ಯೂಮಿನಿಯಂ ಎರಡನ್ನೂ ಸೇರಿಸುವ ಜೋಡಕ) ಮತ್ತು ಕವಲು ತೆಗೆಯುವ ಮುಚ್ಚಿದ ಟ್ಯಾಪ್-ಆಫ್ ಬಾಕ್ಸ್ ಬಳಸಿದರೆ ಇದನ್ನು ತಪ್ಪಿಸಬಹುದು. ಅವುಗಳ ಬೆಲೆ ಅಂಗಡಿಯ ಒಂದು ನಾಮಫಲಕದ ಖರ್ಚಿಗಿಂತ ಹೆಚ್ಚಾಗಲಾರದು.

15 ಮೀಟರ್‌ಗಿಂತ ಎತ್ತರದ ಬಹುಮಹಡಿ ಕಟ್ಟಡಗಳ ವಿದ್ಯುತ್ ಸುರಕ್ಷತೆಗೆ ಕೇಂದ್ರದ ನಿಯಮಗಳಲ್ಲಿ ಪ್ರತ್ಯೇಕ ವಿಧಿ ಇದೆ. ನಮ್ಮ ಪೇಟೆಯ ಎರಡಂತಸ್ತಿನ ಮಳಿಗೆಗಳು ಆ ಎತ್ತರ ಮುಟ್ಟುವುದೇ ಇಲ್ಲ. ಆದ್ದರಿಂದ ಹಳೆಯ ಕಟ್ಟಡದಲ್ಲಿ ಹೆಚ್ಚುವರಿ ಮೀಟರ್ ಮಂಜೂರು ಮಾಡುವಾಗ, ಕವಲು ಎಲ್ಲಿ ತೆಗೆಯಲಾಗಿದೆ, ಅಲ್ಲಿ ಯಾವ ಬ್ರೇಕರ್ ಇದೆ ಎಂಬುದನ್ನು ತೋರಿಸುವ ನಕ್ಷೆಯನ್ನು ಪರವಾನಗಿ ಪಡೆದ ಗುತ್ತಿಗೆದಾರರ ಸಹಿಯೊಂದಿಗೆ ಹೆಸ್ಕಾಂ ಕಡ್ಡಾಯವಾಗಿ ಪಡೆಯಬೇಕು. ಮಹಾನಗರ ಪಾಲಿಕೆಯೂ ಉದ್ದಿಮೆ ಪರವಾನಗಿ ನವೀಕರಿಸುವಾಗ ಅದೇ ನಕ್ಷೆಯ ಪ್ರತಿಯನ್ನು ಕೇಳಬೇಕೆಂದು ವಿನಂತಿಸುತ್ತೇನೆ.

– ಒಬ್ಬ ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ