ಸೀಟು ಯಾರೂ ಕಿತ್ತುಕೊಂಡಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬ ಹಿರಿಯರ ಪತ್ರ ಓದಿದೆ. ಅವರ ಮಗಳು ಅಮೆರಿಕದಲ್ಲಿದ್ದಾಳಂತೆ. ಅಲ್ಲಿ ಕಪ್ಪು ಜನರ ಮಕ್ಕಳಿಗೆ, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಮಕ್ಕಳಿಗೆ ಹೈಸ್ಕೂಲಿನಿಂದಲೇ ಫಾರ್ಮಸಿ ಓದಲು ವಿಶೇಷ ತರಬೇತಿ ಕೊಡುತ್ತಾರೆ, ಇದರಿಂದ ನಮ್ಮವರ ಸೀಟು ಹೋಗುತ್ತದೆ ಎಂದು ಬೇಜಾರು ಮಾಡಿಕೊಂಡಿದ್ದರು. ಇಲ್ಲಿ ಅಮೆರಿಕದ ಚಿಕಾಗೋದಲ್ಲಿ ಅಂಥದೇ ಒಂದು ತರಬೇತಿಯಲ್ಲಿ ನಾನು ಒಂಬತ್ತು ವರ್ಷದಿಂದ ಪ್ರತಿ ಶನಿವಾರ ಪಾಠ ಮಾಡುತ್ತಿದ್ದೇನೆ. ಸುಮ್ನೆ ಕೂರಲು ಆಗಲಿಲ್ಲ.

ಅವರು 'ಅಲ್ಪಸಂಖ್ಯಾತರು' ಎಂಬ ಪದ ಬಳಸಿದ್ದರು. ಇಲ್ಲಿ ಆ ಮಾತಿಗೆ ಧರ್ಮದ ಲೆಕ್ಕವಿಲ್ಲ. ದೇಶದಲ್ಲಿ ಎಷ್ಟು ಜನ ಇದ್ದಾರೋ, ಒಂದು ಕೆಲಸದಲ್ಲಿ ಅದಕ್ಕಿಂತ ತೀರಾ ಕಡಿಮೆ ಇರುವವರು ಎಂದು ಅರ್ಥ. ಭಾರತೀಯರು ಅಮೆರಿಕದಲ್ಲಿ ಕಡಿಮೆಯೇ. ಆದರೆ ಫಾರ್ಮಸಿ ಕ್ಲಾಸುಗಳಲ್ಲಿ ನಮ್ಮ ಮುಖಗಳಿಗೆ ಬರವಿಲ್ಲ, ಹಾಗಾಗಿ ನಾವು ಆ ಪಟ್ಟಿಯಲ್ಲಿಲ್ಲ. ಕಪ್ಪು ಜನ ಇಲ್ಲಿನ ಜನಸಂಖ್ಯೆಯಲ್ಲಿ ಶೇ. 13ಕ್ಕೂ ಜಾಸ್ತಿ. 2019ರ ಫಾರ್ಮಸಿಸ್ಟರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅವರ ಪಾಲು ಶೇ. 5ರ ಆಸುಪಾಸು.

ಇನ್ನು ಸೀಟಿನ ಮಾತು. ದೇಶದಲ್ಲಿ 130ಕ್ಕೂ ಹೆಚ್ಚು ಫಾರ್ಮಸಿ ಕಾಲೇಜುಗಳಿವೆ. ಹತ್ತು ವರ್ಷಕ್ಕೂ ಮಿಕ್ಕಿ ಅರ್ಜಿಗಳು ಇಳಿಯುತ್ತಾ ಬಂದವು. ಪಿಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನು ಒಂದೊಂದೇ ಕಾಲೇಜು ಕೈಬಿಟ್ಟಿತು. ಕೊನೆಗೆ 2024ರ ಜನವರಿಯಲ್ಲಿ ಆ ಪರೀಕ್ಷೆಯೇ ನಿಂತುಹೋಯಿತು. ಈಗ ಕಾಲೇಜುಗಳೇ ಮಕ್ಕಳನ್ನು ಹುಡುಕಿಕೊಂಡು ಓಡಾಡುತ್ತಿವೆ. ಖಾಲಿ ಇರುವ ಕುರ್ಚಿಯನ್ನು ಯಾರಿಂದ ಯಾರು ಕಿತ್ತುಕೊಳ್ಳುತ್ತಾರೆ?

ನಾನು ಹೇಗೆ ಬಂದೆ ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ನಾಲ್ಕು ವರ್ಷದ ಬಿ.ಫಾರ್ಮ್ ಮುಗಿಸಿದ್ದು 2001ರಲ್ಲಿ. ಹೊರದೇಶದಲ್ಲಿ ಓದಿದವರು ಇಲ್ಲಿ ಲೈಸೆನ್ಸ್ ಪಡೆಯಬೇಕಾದರೆ ಮೊದಲು ಒಂದು ಸಮಾನತೆ ಪರೀಕ್ಷೆ ಬರೆಯಬೇಕು. 2003ರ ಜನವರಿಯಿಂದ ಈಚೆಗೆ ಪದವಿ ಪಡೆದವರದು ಐದು ವರ್ಷದ ಕೋರ್ಸ್ ಆಗಿರಲೇಬೇಕು ಎಂಬ ನಿಯಮ ಬಂತು. ನಾನು ಕೂದಲೆಳೆಯಲ್ಲಿ ಪಾರಾದೆ. ನನ್ನ ಹಿಂದಿನ ಬೆಂಚಿನಲ್ಲಿದ್ದ ಎಷ್ಟೋ ಜಾಣರಿಗೆ ಈ ಪರೀಕ್ಷೆ ಇದೆ ಎಂಬುದೇ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದ್ದು ಹೇಗೆ? ಮೊದಲೇ ಇಲ್ಲಿಗೆ ಬಂದಿದ್ದ ದೊಡ್ಡಮ್ಮನ ಮಗ ಫೋನ್ ಮಾಡಿ ಹೇಳಿದ. ಯಾವ ಕಾಗದ ಕಳಿಸಬೇಕು, ಯಾವ ಪುಸ್ತಕ ಓದಬೇಕು, ಇಂಟರ್ನ್ ಗಂಟೆಗಳಿಗೆ (ಲೈಸೆನ್ಸಿಗೆ ಮೊದಲು ಮಾಡಬೇಕಾದ ಕೆಲಸದ ತರಬೇತಿಗೆ) ಯಾರನ್ನು ಕೇಳಬೇಕು, ಎಲ್ಲಾ ಅವನೇ. ಆರು ತಿಂಗಳು ಅವನ ಮನೆಯ ಸೋಫಾದ ಮೇಲೇ ಮಲಗಿದ್ದೆ. ಅದನ್ನು ಯಾರೂ 'ವಿಶೇಷ ತರಬೇತಿ' ಎಂದು ಕರೆಯಲಿಲ್ಲ. ನಾನೂ 'ನನ್ನ ಶ್ರಮ' ಎಂದೇ ಹೇಳಿಕೊಂಡು ತಿರುಗಿದೆ.

ನಮ್ಮ ಶನಿವಾರದ ಕ್ಲಾಸು ಅಂಥ ದೊಡ್ಡಮ್ಮನ ಮಗ ಇಲ್ಲದ ಮಕ್ಕಳಿಗೆ. ಚಿಕಾಗೋದ ದಕ್ಷಿಣ ಭಾಗದಿಂದ ಬರುತ್ತಾರೆ. ಕೆಲವರ ಬಡಾವಣೆಯಲ್ಲಿ ಔಷಧ ಅಂಗಡಿಯೇ ಮುಚ್ಚಿಹೋಗಿದೆ. ಅಜ್ಜಿಯ ಸಕ್ಕರೆ ಕಾಯಿಲೆ ಮಾತ್ರೆಗೆ ಎರಡು ಬಸ್ ಹತ್ತಬೇಕು. ಅಜ್ಜಿಯ ಮಾತ್ರೆಗಳ ಹೆಸರು ಇವರಿಗೆ ಬಾಯಿಪಾಠ. ಆದರೆ ಫಾರ್ಮಸಿಸ್ಟ್ ಆಗಲು ಏನು ಓದಬೇಕು ಅಂದರೆ ಮುಖ ಮುಖ ನೋಡುತ್ತಾರೆ. ಕಾಲೇಜಿನಲ್ಲಿ ಕನಿಷ್ಠ ಎರಡು ವರ್ಷ ಕೆಮಿಸ್ಟ್ರಿ, ಬಯಾಲಜಿ, ಆಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷದ ಫಾರ್ಮ್‌ಡಿ ಎಂಬ ಫಾರ್ಮಸಿ ಪದವಿ, ಆಮೇಲೆ ನ್ಯಾಪ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ. ಇಷ್ಟನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದಕ್ಕೇ ಮೊದಲ ಶನಿವಾರ ಮುಗಿಯುತ್ತದೆ.

ನನಗಿಷ್ಟ ಮೂರನೇ ಶನಿವಾರ. ಅವತ್ತು ಲೆಕ್ಕ. 44 ಪೌಂಡ್ ತೂಕದ ಮಗು, ಕಿವಿ ಸೋಂಕು. ಅಮಾಕ್ಸಿಸಿಲಿನ್ ದಿನಕ್ಕೆ ಕಿಲೋಗೆ 45 ಮಿಲಿಗ್ರಾಂ, ಎರಡು ಹೊತ್ತಿಗೆ ಹಂಚಿ ಕೊಡಬೇಕು ಎಂದು ಡಾಕ್ಟರ್ ಬರೆದಿದ್ದಾರೆ. ಸಿರಪ್‌ನಲ್ಲಿ 5 ಮಿಲಿಲೀಟರಿಗೆ 400 ಮಿಲಿಗ್ರಾಂ. ಹೊತ್ತಿಗೆ ಎಷ್ಟು ಕುಡಿಸಬೇಕು? 44 ಪೌಂಡ್ ಅಂದರೆ ಸುಮಾರು 20 ಕಿಲೋ, ಹಾಗಾಗಿ ಸರಿ ಉತ್ತರ 5.6 ಮಿಲಿಲೀಟರ್. ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಕೈ ಎತ್ತಿ '12.4' ಅಂದಳು. ಪೌಂಡನ್ನು ಕಿಲೋಗೆ ತಿರುಗಿಸಲು ಮರೆತಿದ್ದಳು. ನಾನು ತಪ್ಪು ಅನ್ನಲಿಲ್ಲ. ಸೂಜಿಯಿಲ್ಲದ ಸಿರಿಂಜ್ ಕೈಗೆ ಕೊಟ್ಟು, ನೀರಿನಲ್ಲಿ ಎರಡನ್ನೂ ಅಳೆದು ಪಕ್ಕಪಕ್ಕ ಇಡು ಅಂದೆ. ಅವಳು ಎರಡು ಲೋಟವನ್ನೂ ತುಂಬಾ ಹೊತ್ತು ನೋಡುತ್ತಾ ನಿಂತಳು. 'ನನ್ನ ತಮ್ಮ ಸರಿಯಾಗಿ 44 ಪೌಂಡೇ ಇದ್ದಾನೆ' ಅಂದಳು. ಆಮೇಲೆ ಅವಳು ಯೂನಿಟ್ ಮರೆತಿದ್ದನ್ನು ನಾನು ಕಾಣೆ.

ಈ ಮಕ್ಕಳಿಗೆ ನಾನು ಹೇಳುವ ಒಂದು ಹಳೆಯ ಸಂಗತಿ ಇದೆ. ಜೇಮ್ಸ್ ಮಕ್ಯೂನ್ ಸ್ಮಿತ್ ಎಂಬ ಕಪ್ಪು ಯುವಕನನ್ನು ಅಮೆರಿಕದ ಕಾಲೇಜುಗಳು ಸೇರಿಸಿಕೊಳ್ಳಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ 1837ರಲ್ಲಿ ವೈದ್ಯ ಪದವಿ ಪಡೆದರು. ನ್ಯೂಯಾರ್ಕಿಗೆ ಮರಳಿ ಚಿಕಿತ್ಸೆಯ ಜೊತೆಗೆ ಔಷಧ ಅಂಗಡಿಯನ್ನೂ ನಡೆಸಿದರು. ಓದಲು ಸಮುದ್ರ ದಾಟಬೇಕಿತ್ತಾ ಎಂದು ಹುಡುಗರು ಕೇಳುತ್ತಾರೆ. ನಾನೂ ದಾಟಿಯೇ ಬಂದವಳು, ಆದರೆ ನನ್ನನ್ನು ಯಾರೂ ಅಟ್ಟಿರಲಿಲ್ಲ ಅಲ್ವಾ.

ಹಾಗಂತ ಈ ತರಬೇತಿಗಳೆಲ್ಲ ಚೆನ್ನಾಗಿ ನಡೆಯುತ್ತಿವೆ ಎಂದು ನಾನು ಹೇಳುತ್ತಿಲ್ಲ. ನನ್ನ ಜಗಳ ಬೇರೆ ಕಡೆ ಇದೆ. ಎಷ್ಟೋ ಕಡೆ ಇವು ಕಾಲೇಜಿನ ಗೇಟಿನವರೆಗೆ ಮಾತ್ರ. ಬಿಳಿ ಕೋಟು ಹಾಕಿಸಿ ಫೋಟೋ ತೆಗೆಯುತ್ತಾರೆ, ಆಮೇಲೆ ಮಗು ಏನಾಯಿತು ಎಂದು ಕೇಳುವವರಿಲ್ಲ. ನಮ್ಮಲ್ಲಿ ಕಲಿತ ಒಬ್ಬ ಹುಡುಗ ಒಂದು ಫಾರ್ಮಸಿ ಕಾಲೇಜು ಸೇರಿದ. ಹೆಸರು ಬೇಡ. ಫೀಸು ಸಾಲದಲ್ಲಿ, ಮನೆ ಬಾಡಿಗೆಗೆ ರಾತ್ರಿ ಗೋದಾಮಿನ ಕೆಲಸ. ಮೊದಲ ವರ್ಷವೇ ಎರಡು ವಿಷಯದಲ್ಲಿ ಫೇಲ್. ಯಾರನ್ನು ಕೇಳಬೇಕು ಎಂದು ಗೊತ್ತಾಗದೆ ಬಿಟ್ಟುಬಿಟ್ಟ. ಸಾಲ ಮಾತ್ರ ಅವನ ಜೊತೆಗೇ ಉಳಿಯಿತು. ನನಗೆ ಫೋನ್ ಮಾಡಲು ಅವನಿಗೆ ನಾಚಿಕೆಯಂತೆ. ನಾನಾದರೂ ಮಾಡಬಹುದಿತ್ತು, ಮಾಡಲಿಲ್ಲ.

ನ್ಯೂ ಆರ್ಲಿಯನ್ಸ್‌ನ ಝೇವಿಯರ್ ವಿಶ್ವವಿದ್ಯಾಲಯವನ್ನು ನೋಡಿ. ಅಲ್ಲಿ 1927ರಿಂದ ಫಾರ್ಮಸಿ ಕಾಲೇಜಿದೆ. ಕಪ್ಪು ಫಾರ್ಮಸಿಸ್ಟರನ್ನು ತಯಾರು ಮಾಡುವುದರಲ್ಲಿ ದೊಡ್ಡ ಹೆಸರು. ಅಲ್ಲಿ ವಿಜ್ಞಾನ ಓದುವವರು ಗುಂಪಾಗಿ ಕೂತು ಓದುತ್ತಾರೆ, ಮುಂದಿನ ಕ್ಲಾಸಿನವರು ಹಿಂದಿನವರಿಗೆ ಹೇಳಿಕೊಡುತ್ತಾರೆ. ಒಬ್ಬ ಬಿದ್ದರೆ ಪಕ್ಕದವನಿಗೆ ಗೊತ್ತಾಗುತ್ತದೆ. ದುಡ್ಡಿನ ವಿಷಯದಲ್ಲೂ ಮಾದರಿ ಇದೆ. ರಾಬರ್ಟ್ ವುಡ್ ಜಾನ್ಸನ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆಯ ನೆರವಿನಲ್ಲಿ, ವೈದ್ಯಕೀಯ, ಫಾರ್ಮಸಿಯಂಥ ಓದಿಗೆ ತಯಾರು ಮಾಡುವ ಬೇಸಿಗೆ ಶಿಬಿರ ಕಾಲೇಜಿನ ಮೊದಲ ಎರಡು ವರ್ಷದವರಿಗೆ ಉಚಿತವಾಗಿ ನಡೆದುಬಂದಿದೆ. ಊಟ, ವಸತಿ ಎಲ್ಲಾ ಅದರಲ್ಲೇ, ಮೇಲೆ ಕೈಖರ್ಚಿಗೂ ಕೊಟ್ಟಿದ್ದಾರೆ. ನಮ್ಮ ಕ್ಲಾಸಿಗೆ ಬಸ್ ಚಾರ್ಜಿಗೂ ದುಡ್ಡಿಲ್ಲ. ಶನಿವಾರದ ಕೂಲಿ ಬಿಟ್ಟು ಬರಬೇಕಾದ ಮಕ್ಕಳು ಐದನೇ ವಾರಕ್ಕೆ ಕಾಣೆಯಾಗುತ್ತಾರೆ. ಆಸಕ್ತಿ ಇಲ್ಲ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಎಂಥ ಸುಳ್ಳು.

2023ರ ಜೂನ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡಬಾರದು ಎಂದು ತೀರ್ಪು ಕೊಟ್ಟ ಮೇಲೆ ನಮ್ಮ ಅರ್ಜಿ ನಮೂನೆಯೂ ಬದಲಾಯಿತು. ಈಗ ಬಣ್ಣ ಕೇಳುವುದಿಲ್ಲ. ಮನೆಯಲ್ಲಿ ಯಾರಾದರೂ ಕಾಲೇಜು ಮುಗಿಸಿದ್ದಾರಾ, ವರಮಾನ ಎಷ್ಟು ಎಂದು ಕೇಳುತ್ತೇವೆ. ಜಾಗ ಉಳಿದರೆ ಯಾರು ಬೇಕಾದರೂ ಬರಬಹುದು.

ಪತ್ರ ಬರೆದ ಹಿರಿಯರು ಮಗಳಿರುವ ಊರು ಬರೆದಿಲ್ಲ. ಚಿಕಾಗೋ ಆಗಿದ್ದರೆ, ಮೊಮ್ಮಗನೋ ಮೊಮ್ಮಗಳೋ ಹೈಸ್ಕೂಲಿನಲ್ಲಿದ್ದರೆ, ಕಳಿಸಲಿ. ಮಾತ್ರೆ ಎಣಿಸುವ ತಟ್ಟೆ ಎರಡು ಜಾಸ್ತಿಯೇ ಇವೆ. ಬೆಳಿಗ್ಗೆ ಒಂಬತ್ತೂವರೆಗೆ ಶುರು. ಕ್ಯಾಲ್ಕ್ಯುಲೇಟರ್ ತರುವುದು ಬೇಡ, ನಾನು ಕೊಡುವುದಿಲ್ಲ.

ಇತಿ,
ಚಿಕಾಗೋದಿಂದ ಒಬ್ಬ ಫಾರ್ಮಸಿಸ್ಟ್