ರಿಮೂವರ್ ಚೆಲ್ಲಿದರೆ ದಯವಿಟ್ಟು ಉಜ್ಜಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಮನೆಗೆಲಸದ ಕಿವಿಮಾತುಗಳ ನಡುವೆ ಒಂದು ಸಾಲು ಬಂದಿತ್ತು. ಬಟ್ಟೆಗೋ ಟೇಬಲ್ಲಿಗೋ ನೇಲ್ ಪಾಲಿಶ್ ತಾಗಿದರೆ ಹತ್ತಿಯಲ್ಲಿ ಸ್ವಲ್ಪ ರಿಮೂವರ್ ಅದ್ದಿ ಉಜ್ಜಿ, ಕಲೆ ಮಾಯ ಅಂತ. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಅಂಗಡಿಯಲ್ಲಿ ರಿಮೂವರ್‌ನಿಂದ ಮಾಯವಾಗಿದ್ದು ಕಲೆಯಲ್ಲ, ಒಂದು ಗೌನಿನ ಸೊಂಟದ ಹತ್ತಿರದ ಬಟ್ಟೆ.

ನಾನು ಹಾಸನದಲ್ಲಿ ಲೇಡೀಸ್ ಟೇಲರ್. 26 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮದುವೆ ಸೀಸನ್‌ನಲ್ಲಿ ನನ್ನ ಕಟಿಂಗ್ ಟೇಬಲ್ ಮೇಲೆ ಕೈ ಊರಲೂ ಜಾಗ ಇರುವುದಿಲ್ಲ. ಅವತ್ತೂ ಹಾಗೇ. ನಾಲ್ಕು ದಿನಕ್ಕೆ ಮದುವೆ ಇದ್ದ ಹುಡುಗಿ ಟ್ರಯಲ್‌ಗೆ ಬಂದಿದ್ದಳು. ‘ಆಂಟಿ, ಉಗುರಿನ ಬಣ್ಣ ರೇಷ್ಮೆಗೆ ತಾಗಿಬಿಟ್ಟರೆ ಕಷ್ಟ, ಮೊದಲು ತೆಗೆದುಬಿಡ್ತೀನಿ’ ಅಂತ ಪರ್ಸಿನಿಂದ ರಿಮೂವರ್ ತೆಗೆದಳು. ಪಾಪ, ಹುಷಾರಿನ ಹುಡುಗಿಯೇ. ಮುಚ್ಚಳ ತೆಗೆದಿಟ್ಟು ಫೋನ್ ಎತ್ತಿಕೊಳ್ಳಲು ತಿರುಗಿದಳು, ಮೊಣಕೈ ತಾಗಿತು. ಹೊಸ ಬಾಟಲಿ. ಹೆಚ್ಚುಕಮ್ಮಿ ಪೂರ್ತಿ ಟೇಬಲ್ ಮೇಲೆ ಹರಿಯಿತು.

ಆ ಒಂದು ನಿಮಿಷದಲ್ಲಿ ನಾನು ಮಾಡಿದ ಕೆಲಸ ಎರಡು. ಒಂದು ಸರಿ, ಒಂದು ತಪ್ಪು.

ಸರಿ ಮಾಡಿದ್ದು ಅಂದರೆ, ಬಿಸಿಯಾಗಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಮೊದಲು ದೂರ ಇಟ್ಟೆ, ಬಾಗಿಲು ಪೂರ್ತಿ ತೆಗೆದೆ. ದೇವರ ಫೋಟೋದ ಮುಂದಿನ ದೀಪ ಅವತ್ತು ಬೆಳಿಗ್ಗೆಯೇ ಆರಿತ್ತು, ಅದೂ ಒಳ್ಳೆಯದೇ ಆಯಿತು. ರಿಮೂವರ್‌ನಲ್ಲಿ ಹೆಚ್ಚಾಗಿ ಇರುವುದು ಅಸಿಟೋನ್. ಅದು ಪೆಟ್ರೋಲಿನ ಹಾಗೆ, ಬರೀ ಆವಿಗೇ ಬೆಂಕಿ ಹತ್ತಿಕೊಳ್ಳುತ್ತದೆ. ನಮ್ಮೂರಿನ ಚಳಿಗಾಲದ ಬೆಳಗಿನ ಥಂಡಿಯಲ್ಲೂ ಹತ್ತುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಲಕ್ಕೆ ಹೋಗದೆ ನೆಲದ ಕಡೆ ಇಳಿಯುತ್ತದೆ. ಅಡುಗೆಮನೆಯಲ್ಲಿ ಒಲೆ ಉರಿಯುವಾಗ ಪಕ್ಕದಲ್ಲಿ ಕೂತು ಉಗುರು ಒರೆಸಿಕೊಳ್ಳುವವರು ಇದನ್ನು ಸ್ವಲ್ಪ ಯೋಚಿಸಬೇಕು.

ತಪ್ಪು ಮಾಡಿದ್ದು, ಟೇಬಲ್ ಉಜ್ಜಿದ್ದು. ಕೈಗೆ ಸಿಕ್ಕಿದ ಮಲ್ ಬಟ್ಟೆಯ ತುಂಡು ಹಿಡಿದು ಒತ್ತಿ ಒತ್ತಿ ಒರೆಸಿದೆ. ಆ ಟೇಬಲ್ ನಮ್ಮ ಮಾವನವರು ಮಾಡಿಸಿದ್ದು, ತೇಗದ್ದು. ಒರೆಸಿ ಬಟ್ಟೆ ಎತ್ತುವಾಗ ಅಂಟಂಟಾಗಿ ಎದ್ದುಬಂತು. ಸಂಜೆ ಟ್ಯೂಬ್‌ಲೈಟ್ ಹಾಕಿ ಓರೆಯಾಗಿ ನೋಡಿದೆ. ಒಂದು ಊಟದ ತಟ್ಟೆಯಷ್ಟು ಜಾಗ ಬೆಳ್ಳಗೆ ಮಂಜು ಕವಿದ ಹಾಗೆ. ಅದರ ನಡುವೆ ಮಲ್ ಬಟ್ಟೆಯ ಎಳೆ ಎಳೆಯೂ ಅಚ್ಚೊತ್ತಿದೆ! ಹಾಸು ಯಾವುದು ಹೊಕ್ಕು ಯಾವುದು ಎಣಿಸಬಹುದಿತ್ತು. ಬೆರಳಾಡಿಸಿದರೆ ಬಟ್ಟೆ ಮುಟ್ಟಿದ ಹಾಗೇ ತರಿತರಿ.

ಮಾರನೇ ದಿನ ಪಾಲಿಶ್ ಕೆಲಸದವರನ್ನು ಕರೆಸಿದೆ. ವಯಸ್ಸಾದವರು, ಮಾವನವರ ಕಾಲದಿಂದ ನಮ್ಮ ಮನೆಗೆ ಬರುವವರು. ನೋಡಿದ ತಕ್ಷಣ, ‘ಅಲ್ಲ ಕಣಮ್ಮ, ಇದನ್ನ ಉಜ್ಜು ಅಂತ ಯಾರು ಹೇಳಿದ್ರು?’ ಅಂದರು. ಅವರು ಅವತ್ತು ಹೇಳಿದ ಮಾತನ್ನೇ ನಿಮ್ಮ ಓದುಗರಿಗೆ ದಾಟಿಸಬೇಕು ಅಂತ ಈ ಪತ್ರ.

ಸಾರು ಚೆಲ್ಲಿದರೆ ಅದು ಕಲೆ. ಮೇಲೆ ಕೂತಿರುತ್ತದೆ, ಒರೆಸಿದರೆ ಹೋಗುತ್ತದೆ. ರಿಮೂವರ್ ಹಾಗಲ್ಲ. ಅದಕ್ಕೆ ಬಣ್ಣವೇ ಇಲ್ಲ, ಕಲೆ ಎಲ್ಲಿಂದ ಬರಬೇಕು? ನಮಗೆ ಕಾಣುವುದು ಕರಗಿದ ಮರದ ಪಾಲಿಶ್. ಕರಗಿ ಮೆತ್ತಗಾಗಿರುವಾಗ ಉಜ್ಜಿದರೆ ಅದನ್ನು ನಾವೇ ಕೆರೆದು ತೆಗೆದ ಹಾಗೆ. ನಿಂತಿರುವ ದ್ರವವನ್ನು ಬಟ್ಟೆಯ ತುದಿ ಮುಟ್ಟಿಸಿ ಹೀರಿಸಬೇಕು, ಅಷ್ಟೇ. ಒತ್ತಬಾರದು, ಎಳೆಯಬಾರದು, ಮೇಲೆ ನೀರು ಸುರಿಯಬಾರದು. ಆಮೇಲೆ ಫ್ಯಾನ್ ಕೆಳಗೆ ಸುಮ್ನೆ ಬಿಟ್ಟುಬಿಡಬೇಕು. ಮಾರನೇ ದಿನಕ್ಕೆ ಅದು ಮತ್ತೆ ಗಟ್ಟಿಯಾಗುತ್ತದೆ. ಎಷ್ಟೋ ಸಲ ತೆಳ್ಳಗೆ ಒಂದು ಮಬ್ಬು ಮಾತ್ರ ಉಳಿಯುತ್ತದೆ. ನಾನು ಉಜ್ಜದೆ ಇದ್ದಿದ್ದರೆ ನನ್ನ ಟೇಬಲ್‌ಗೂ ಅಷ್ಟೇ ಆಗುತ್ತಿತ್ತೋ ಏನೋ.

ರಿಪೇರಿಗೆ ಮೊದಲು ಅವರು ಮಾಡಿದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಟೇಬಲ್‌ನ ಅಡಿಯಲ್ಲಿ ಯಾರಿಗೂ ಕಾಣದ ಜಾಗಕ್ಕೆ ಒಂದು ಹನಿ ಸ್ಪಿರಿಟ್ ಇಟ್ಟರು. ಸ್ವಲ್ಪ ಹೊತ್ತಿಗೆ ಬೆರಳಿಗೆ ಅಂಟಿತು. ‘ಅರಗಿನ ಪಾಲಿಶ್, ಬಚಾವ್’ ಅಂದರು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಅದು ಎನ್‌ಸಿ ಲ್ಯಾಕರ್ ಅನ್ನುವ ಇನ್ನೊಂದು ಬಗೆಯ ಮರದ ಪಾಲಿಶ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನೋ ಪಿಯುವೋ (ಪಾಲಿಯುರಿಥೇನ್), ಅಂಥ ಗಟ್ಟಿ ಪಾಲಿಶ್ ಹೊಡೆದಿರುತ್ತಾರೆ. ಅದು ರಿಮೂವರ್ ತಡೆದುಕೊಳ್ಳುವುದು ಜಾಸ್ತಿ, ಆದರೆ ಕೆಟ್ಟರೆ ಸರಿ ಮಾಡುವುದೂ ಅಷ್ಟೇ ಕಷ್ಟ. ಅರಗಿನ ಪಾಲಿಶ್‌ನ ಗುಣ ಏನಂದರೆ ಹಳೇ ಪದರದ ಜೊತೆ ಹೊಸ ಪದರ ಕರಗಿ ಒಂದಾಗುತ್ತದೆ. ತೇಪೆ ಹಾಕಿದ್ದು ಗೊತ್ತಾಗುವುದಿಲ್ಲ. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದೇ. ಮನೆಯಲ್ಲಿ ಆ ಗೊಂಬೆಗಳಿದ್ದರೆ ರಿಮೂವರ್ ಬಾಟಲಿಯನ್ನು ಅವುಗಳ ಹತ್ತಿರ ಇಡಲೇಬೇಡಿ.

320 ನಂಬರಿನ ಉಪ್ಪುಕಾಗದದಲ್ಲಿ ಮರದ ಎಳೆ ಹೋದ ದಿಕ್ಕಿಗೇ ಹಗುರವಾಗಿ ತೀಡಿದರು. ಬಟ್ಟೆಯ ಅಚ್ಚು ಹೋಗುವಷ್ಟು ಮಾತ್ರ, ಮರಕ್ಕೆ ತಾಗುವಷ್ಟಲ್ಲ. ಧೂಳು ಒರೆಸಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಗೆದುಕೊಂಡರು. ಹತ್ತಿಯ ಉಂಡೆಗೆ ಹಳೇ ಪಂಚೆಯ ತುಂಡು ಸುತ್ತಿ ಕಟ್ಟಿ, ಅದರಲ್ಲಿ ಅದ್ದಿ, ಎಂಟು ಬರೆಯುವ ಹಾಗೆ ಕೈ ಆಡಿಸುತ್ತಾ ಹೋದರು. ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ನಿಂತರೆ ಅಲ್ಲೇ ಹಿಡಿದುಕೊಂಡು ಮತ್ತೆ ಅಚ್ಚು ಬೀಳುತ್ತದಂತೆ. ಒಂದು ಪದರ, ಒಣಗಲು ಬಿಡುವುದು, ಮತ್ತೊಂದು ಪದರ. ಎರಡು ದಿನ ಬಂದು ಹೋದರು, 700 ರೂಪಾಯಿ ತೆಗೆದುಕೊಂಡರು. ಹೊಸ ಟೇಬಲ್ ತೆಗೆದುಕೋ ಅಂದವರು ನಮ್ಮ ಬೀದಿಯಲ್ಲಿ ನಾಲ್ಕು ಜನ ಇದ್ದರು.

ಇನ್ನು ಬಟ್ಟೆ. ಇದು ನನ್ನದೇ ಕಸುಬು, ಇಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ ಅಂದುಕೊಂಡಿದ್ದೆ.

ಆ ಗೌನು ಇನ್ನೊಬ್ಬರದು. ಉದ್ದ ಕಡಿಮೆ ಮಾಡಲು ಕೊಟ್ಟಿದ್ದರು. ಹೊರದೇಶದಿಂದ ತಂದಿದ್ದು, ಸ್ಯಾಟಿನ್ ಹಾಗೆ ಹೊಳೆಯುತ್ತಿತ್ತು, ಪಾಲಿಯೆಸ್ಟರ್ ಅಂತಲೇ ನಾನು ತಿಳಿದಿದ್ದೆ. ಅದರ ಮೇಲೆ ಐದಾರು ಹನಿ ಬಿದ್ದಿರಬೇಕು. ನಾನು ಉಜ್ಜಲೂ ಇಲ್ಲ. ಹತ್ತು ನಿಮಿಷಕ್ಕೆ ಆ ಜಾಗ ಒಣಗಿ ಹಪ್ಪಳದ ಹಾಗೆ ಗರಿಗರಿಯಾಯಿತು. ಮಡಿಸಿದೆ, ಲಟಕ್ ಅಂತ ಮುರಿಯಿತು. ಬಟ್ಟೆ ಮುರಿದಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆಮೇಲೆ ಕನ್ನಡಕ ಹಾಕಿಕೊಂಡು ಒಳಗಿನ ಲೇಬಲ್ ಓದಿದರೆ ‘ಅಸಿಟೇಟ್’ ಅಂತಿತ್ತು. ಈ ಅಸಿಟೇಟ್ ಅನ್ನುವ ಬಟ್ಟೆ ಅಸಿಟೋನ್‌ನಲ್ಲಿ ನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗುತ್ತದೆ. ಹಳೇ ಕೋಟುಗಳ ಒಳಗಿನ ಲೈನಿಂಗ್‌ನಲ್ಲೂ ಇರುತ್ತದೆ. ಹತ್ತಿ, ರೇಷ್ಮೆ, ಪಾಲಿಯೆಸ್ಟರ್, ನೈಲಾನ್ ಕರಗುವುದಿಲ್ಲ, ಆದರೆ ಅವುಗಳಲ್ಲೂ ಬಣ್ಣ ಬಿಡುವುದುಂಟು. ಯಾವುದು ಅಂತ ಗೊತ್ತಾಗದಿದ್ದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಅದರ ಮೇಲೆ ಒಂದು ಹನಿ ಹಾಕಿ ನೋಡಿ. ಗೋಂದಿನ ಹಾಗೆ ಅಂಟಾದರೆ ಅಸಿಟೇಟ್.

ಇದಕ್ಕೆ ರಿಪೇರಿ ಅಂತ ಏನೂ ಇಲ್ಲ. ಕರಗಿದ ಎಳೆ ಮತ್ತೆ ಎಳೆಯಾಗುವುದಿಲ್ಲ. ಉದ್ದ ಕಡಿಮೆ ಮಾಡಲು ಕತ್ತರಿಸಿದ ಬಟ್ಟೆ ನನ್ನ ಹತ್ತಿರವೇ ಇತ್ತು, ಅದು ನನ್ನ ಪುಣ್ಯ. ಅದರಲ್ಲೇ ಸೊಂಟಕ್ಕೆ ಅಗಲವಾದ ಪಟ್ಟಿ ಮಾಡಿ ಕೂರಿಸಿದೆ, ಮೊದಲಿಂದ ಹಾಗೇ ಇತ್ತು ಅನ್ನುವಂತೆ. ಗೌನಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಹೊಲಿಗೆ ದುಡ್ಡು ಮುಟ್ಟಲಿಲ್ಲ. ಅವರು ದೊಡ್ಡ ಮನಸ್ಸಿನವರು, ಪಟ್ಟಿಯೇ ಚೆನ್ನಾಗಿದೆ ಅಂದರು. ನಿಜವಾಗಿ ಅಂದರೋ ನನ್ನ ಮುಖ ನೋಡಿ ಅಂದರೋ ದೇವರಿಗೇ ಗೊತ್ತು.

ಮದುಮಗಳ ಬ್ಲೌಸ್‌ನ ಕತೆ ಬೇರೆ. ರೇಷ್ಮೆಗೆ ಏನೂ ಆಗಲಿಲ್ಲ. ತೋಳಿನ ಒಳಗೆ ಬಿಳೀ ಹತ್ತಿ ಬಟ್ಟೆ ತೂರಿಸಿ, ಮೇಲಿಂದ ಇನ್ನೊಂದು ಬಿಳೀ ಬಟ್ಟೆ ಇಟ್ಟು ಮೆಲ್ಲಗೆ ಹೀರಿಸಿದೆ. ಒಂಚೂರು ಕೆಂಪು ಬಂತು, ಅಷ್ಟೇ. ವಾಸನೆ ಪೂರ್ತಿ ಹೋಗುವ ತನಕ ಇಸ್ತ್ರಿ ತಾಗಿಸಲಿಲ್ಲ. ಆದರೆ ತೋಳಿನ ಆರಿ ವರ್ಕ್ ನಡುವೆ ಅಂಟಿಸಿದ ಪ್ಲಾಸ್ಟಿಕ್ ಕಲ್ಲುಗಳಿದ್ದವಲ್ಲ, ಅವುಗಳಲ್ಲಿ ಹನ್ನೊಂದು ಕಲ್ಲು ಮುದುಕರ ಕಣ್ಣಿನ ಪೊರೆಯ ಹಾಗೆ ಮಂಕಾಗಿದ್ದವು. ಕೆಳಗಿನ ಅಂಟು ಬೆಳ್ಳಗೆ ನೂಲುನೂಲಾಗಿ ಎದ್ದಿತ್ತು. ಅಂಟು ಒಣಗಿದ ಮೇಲೆ ಸೂಜಿ ತುದಿಯಲ್ಲಿ ಒಂದೊಂದೇ ಎಬ್ಬಿಸಿ ತೆಗೆದೆ. ಅವುಗಳ ಜಾಗಕ್ಕೆ ತೂತಿರುವ ಕಲ್ಲು ತಂದು ದಾರದಲ್ಲೇ ಹೊಲಿದೆ. ರಾತ್ರಿ ಒಂದೂವರೆ ಆಯಿತು. ಈಗ ಯಾರೇ ಬಂದರೂ ಅಂಟಿಸುವ ಕಲ್ಲು ಬೇಡ ಅಂತಲೇ ಹೇಳುತ್ತೇನೆ, ಕೂಲಿ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಟೇಪನ್ನು ನಾನು ಮರೆತೇಬಿಟ್ಟಿದ್ದೆ. ಮಾರನೇ ದಿನ ಅಳತೆ ತೆಗೆಯಲು ಹೋದರೆ 14ರಿಂದ 19ರವರೆಗೆ ಅಂಕಿಗಳೇ ಇಲ್ಲ, ಬರೀ ಹಳದಿ. ತೋಳಿನ ಕಂಕುಳ ಗುರುತು ಹಾಕುವ ಪ್ಲಾಸ್ಟಿಕ್ ಪಟ್ಟಿಯೂ ಹಾಲು ಬಣ್ಣಕ್ಕೆ ತಿರುಗಿತ್ತು. ಅವೆರಡನ್ನೂ ಎಸೆದೆ. ಟಿವಿಯ ಚೌಕಟ್ಟು, ಕನ್ನಡಕದ ಪ್ಲಾಸ್ಟಿಕ್ ಗಾಜು, ಲ್ಯಾಪ್‌ಟಾಪ್ ಕೀಲಿಗಳು, ಇವಕ್ಕೂ ಎಷ್ಟೋ ಸಲ ಇದೇ ಗತಿ. ಪ್ಲಾಸ್ಟಿಕ್ ಕುರ್ಚಿಗೆ ಮಾತ್ರ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅದರ ಪ್ಲಾಸ್ಟಿಕ್ ಜಾತಿಯೇ ಬೇರೆ. ರಿಮೂವರ್ ತುಂಬುವ ಬಾಟಲಿಯೂ ಪ್ಲಾಸ್ಟಿಕ್ಕೇ ಅಲ್ವಾ?

ನೆಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೈಲ್ಸ್ ಆದರೆ ಒರೆಸಿದರೆ ಆಯಿತು. ನಮ್ಮ ಪಕ್ಕದ ಮನೆಯಲ್ಲಿ ಹಳೇ ರೆಡ್ ಆಕ್ಸೈಡ್ ನೆಲ, ಅಲ್ಲಿ ಚೆಲ್ಲಿದಾಗ ಒಂದು ಪೇಲವ ಮಚ್ಚೆ ಆಗಿತ್ತು. ಹೋಗಿದ್ದು ಮೇಣದ ಹೊಳಪು ಮಾತ್ರ. ನೆಲದ ಮೇಣ ಹಚ್ಚಿ ಒಣಬಟ್ಟೆಯಲ್ಲಿ ತಿಕ್ಕಿದ ಮೇಲೆ ಸರಿಯಾಯಿತು.

ಈಗ ನನ್ನ ಮಗಳು ಬಿಎಸ್ಸಿಯಲ್ಲಿ ಓದಿದ್ದನ್ನು ಒಂದು ಮಾತು ಹೇಳಿಬಿಡುತ್ತೇನೆ. ಉಗುರಿನ ಬಣ್ಣದಲ್ಲೂ ಮರಕ್ಕೆ ಹೊಡೆಯುವ ಎನ್‌ಸಿ ಲ್ಯಾಕರ್‌ನಲ್ಲೂ ಇರುವ ಮುಖ್ಯ ಸಾಮಾನು ಒಂದೇ, ನೈಟ್ರೋಸೆಲ್ಯುಲೋಸ್. ಇದು ಉಗುರು, ಇದು ಡೈನಿಂಗ್ ಟೇಬಲ್ ಅಂತ ರಿಮೂವರ್‌ಗೆ ಹೇಗೆ ಗೊತ್ತಾಗಬೇಕು? ‘ಅಸಿಟೋನ್ ಇಲ್ಲ’ ಅಂತ ಬರೆದಿರುವ ಬಾಟಲಿಯನ್ನೂ ನಂಬಬೇಡಿ. ಅದರಲ್ಲಿ ಎಷ್ಟೋ ಸಲ ಈಥೈಲ್ ಅಸಿಟೇಟ್ ಅನ್ನುವ ಇನ್ನೊಂದು ದ್ರವ ಇರುತ್ತದೆ, ಅದೂ ಬಣ್ಣ ಕರಗಿಸುವುದೇ.

ಆದ್ದರಿಂದ ಸಂಪಾದಕರೇ, ಮುಂದಿನ ಭಾನುವಾರ ಅದೇ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಒಂದು ತಿದ್ದುಪಡಿ ಹಾಕಿ. ಪಾಲಿಶ್ ಮಾಡಿದ ಮರ, ಪ್ಲಾಸ್ಟಿಕ್, ಹೊಳೆಯುವ ಲೈನಿಂಗ್, ಅಂಟಿಸಿದ ಕಲ್ಲು, ಇವುಗಳ ಮೇಲೆ ರಿಮೂವರ್ ಹಾಕಬೇಡಿ ಅಂತ. ಡ್ರೈವಾಶ್‌ಗೆ ಕೊಡುವವರು ಏನು ಚೆಲ್ಲಿದೆ ಅಂತ ಬಾಯಿಬಿಟ್ಟು ಹೇಳಬೇಕು ಅಂತಲೂ ಸೇರಿಸಿ. ರಿಮೂವರ್ ಮಾಡುವ ಕಂಪನಿಗಳಿಗೂ ಒಂದು ಕೋರಿಕೆ. ಬಾಟಲಿಯ ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್ ಇದೆ. ಅದರಲ್ಲಿ ಎರಡು ಸಾಲು ಕನ್ನಡಕ್ಕೆ ಜಾಗ ಮಾಡಿಕೊಡಿ.

ಆ ಹುಡುಗಿ ಈ ಆಷಾಢಕ್ಕೆ ತವರಿಗೆ ಬಂದಾಗ ಇನ್ನೊಂದು ಬ್ಲೌಸ್ ಹೊಲಿಸಲು ಬಂದಿದ್ದಳು. ಅಂಗಡಿಯ ಮೆಟ್ಟಿಲಲ್ಲೇ ನಿಂತು ಹತ್ತೂ ಬೆರಳು ತೋರಿಸಿದಳು. ‘ಮನೆಯಲ್ಲೇ ತೆಗೆದು ಬಂದಿದ್ದೀನಿ ಆಂಟಿ’ ಅಂದಳು.

ಇಂತಿ,
ಒಬ್ಬ ಲೇಡೀಸ್ ಟೇಲರ್, ಹಾಸನ