ಮೊದಲು ವೂಫರಿನ ಅಂಚು ನೋಡಿ, ಆಂಪ್ಲಿಫೈಯರ್ ಆಮೇಲೆ

ಮಾನ್ಯ ಸಂಪಾದಕರೇ,

ಹಳೆಯ ಸ್ಟಿರಿಯೊ ಸೆಟ್ ಕೊಂಡವರು, ಇಲ್ಲವೆ ಅಪ್ಪನ ಕಾಲದ ಸೆಟ್ಟನ್ನು ಅಟ್ಟದಿಂದ ಇಳಿಸಿದವರು, ದನಿ ಚೆನ್ನಾಗಿಲ್ಲ ಅನ್ನಿಸಿದ ಕೂಡಲೇ ಹೊಸ ಆಂಪ್ಲಿಫೈಯರ್ ತರಲು ಹೊರಡುತ್ತಾರೆ. ಕೈಯಲ್ಲಿ ಐದಾರು ಸಾವಿರ ರೂಪಾಯಿಯಷ್ಟೇ ಇದ್ದವರಿಗೆ ಇದು ನಷ್ಟದ ದಾರಿ. ಆ ಹಣದ ದೊಡ್ಡ ಪಾಲು ಸ್ಪೀಕರಿಗೆ ಹೋಗಬೇಕು, ಉಳಿದದ್ದು ಆಂಪ್ಲಿಫೈಯರ್ ರಿಪೇರಿಗೆ. ಕೋಣೆಯ ಮಾರ್ದನಿ ತಗ್ಗಿಸಲು ಬೇಕಾದದ್ದು ಮನೆಯಲ್ಲೇ ಇರುತ್ತದೆ.

ಹಳೆಯ ಸೆಟ್ಟಿನ ದನಿ ಹೆಚ್ಚಾಗಿ ಕೆಡುವುದು ವೂಫರಿನ, ಅಂದರೆ ತಗ್ಗು ಸ್ವರ ನುಡಿಸುವ ದೊಡ್ಡ ಸ್ಪೀಕರಿನ, ಅಂಚಿನಲ್ಲಿ. ಕೋನಿನ (ನಡುಗಿ ದನಿ ಹೊರಡಿಸುವ ಬಟ್ಟಲಿನಂಥ ಭಾಗ) ಸುತ್ತ ಇರುವ ಫೋಮ್ ಉಂಗುರ ಹದಿನೈದು-ಇಪ್ಪತ್ತು ವರ್ಷಕ್ಕೆ ತಾನೇ ಪುಡಿಯಾಗುತ್ತದೆ. ಬಾರಿಸದೆ ಮುಚ್ಚಿಟ್ಟಿದ್ದರೂ ಅಷ್ಟೇ. ಮುಂದಿನ ಜಾಲರಿ ತೆಗೆದು ಮೆಲ್ಲಗೆ ಮುಟ್ಟಿದರೆ ಬೆರಳಿಗೆ ಅಂಟಂಟು ಪುಡಿ ಹತ್ತುತ್ತದೆ. ಅಂಚು ರಬ್ಬರಿನದೋ ಬಟ್ಟೆಯದೋ ಆಗಿದ್ದರೆ ಭಯ ಕಡಿಮೆ. ಕೊಳ್ಳುವ ಮೊದಲೇ ಇದನ್ನು ನೋಡಬೇಕು. ಫೋಮ್ ಹೋಗಿದೆ ಎಂದು ಇಡೀ ವೂಫರ್ ಎಸೆಯಬೇಕಿಲ್ಲ, ಉಂಗುರ ಮಾತ್ರ ಬದಲಿಸಬಹುದು. ಆದರೆ ‘ಎಂಟು ಇಂಚಿನದು’ ಎಂದಷ್ಟೇ ಹೇಳಿ ತರಿಸಿದರೆ ಅಳತೆ ತಪ್ಪುತ್ತದೆ. ಕೋನಿನ ಹೊರ ವ್ಯಾಸ ಮತ್ತು ಉಂಗುರ ಕೂರುವ ಚೌಕಟ್ಟಿನ ವ್ಯಾಸ, ಎರಡನ್ನೂ ಮಿಲಿಮೀಟರಿನಲ್ಲಿ ಅಳೆದು ಬರೆದುಕೊಳ್ಳಿ. ಎರಡೂ ಸ್ಪೀಕರಿಗೆ ಒಮ್ಮೆಲೇ ಹಾಕಿಸಿ; ಒಂದಕ್ಕೆ ಹೊಸದು, ಇನ್ನೊಂದಕ್ಕೆ ಹಳೆಯದು ಇದ್ದರೆ ಎಡ-ಬಲದ ದನಿ ಹೊಂದುವುದಿಲ್ಲ.

ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಪೂರ್ತಿ ಒರೆಸಿ ತೆಗೆಯಬೇಕು. ಕೋನಿನ ಕಡೆ ಮೊದಲು ಅಂಟಿಸಿ, ಅದು ಒಣಗಿದ ಮೇಲೆ ಚೌಕಟ್ಟಿನ ಕಡೆ. ಒಣಗಿದರೂ ಬಾಗುವ ಅಂಟೇ ಬೇಕು. ಗಟ್ಟಿಯಾಗಿ ಒಡೆಯುವ ಅಂಟು ಕೂಡದು. ಪ್ಲಾಸ್ಟಿಕ್ ಕೋನಿಗೆ ಬಿಳಿ ಅಂಟು ಹಿಡಿಯುವುದೂ ಇಲ್ಲ. ಎರಡನೆಯ ಹಂತದಲ್ಲೇ ಕೆಲಸ ಕೆಡುವುದು: ಕೋನ್ ಒಂದು ಕಡೆ ವಾಲಿದರೆ ಒಳಗಿನ ವಾಯ್ಸ್ ಕಾಯಿಲ್ (ಕೋನಿಗೆ ಅಂಟಿದ ತಂತಿ ಸುರುಳಿ) ಅಯಸ್ಕಾಂತಕ್ಕೆ ಉಜ್ಜುತ್ತದೆ, ಖರಖರ ಸದ್ದು ಬರುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ಅಂಟು ಹಸಿಯಿರುವಾಗಲೇ ಮೊಬೈಲಿನಿಂದ 30 ಹರ್ಟ್ಸ್ ಸ್ವರವನ್ನು ಆಂಪ್ಲಿಫೈಯರ್ ಮೂಲಕ ಅತಿ ಸಣ್ಣ ದನಿಯಲ್ಲಿ ಕೊಟ್ಟು, ಉಜ್ಜುವ ಸದ್ದು ನಿಲ್ಲುವವರೆಗೆ ಕೋನನ್ನು ಬೆರಳಿನಿಂದ ಸರಿಪಡಿಸಬೇಕು. ಆಮೇಲೆ 24 ಗಂಟೆ ಮುಟ್ಟಬಾರದು.

ವೂಫರ್ ಪೂರ್ತಿ ಸುಟ್ಟಿದ್ದರೆ ಹೊಸದು ತರುವಾಗ ಓಮ್ (ವಿದ್ಯುತ್ ಪ್ರತಿರೋಧದ ಅಳತೆ) ನೋಡಿ. 8 ಓಮ್ ಸ್ಪೀಕರ್ ಮಲ್ಟಿಮೀಟರಿನಲ್ಲಿ 6ರಿಂದ 7 ತೋರಿಸುತ್ತದೆ, 4 ಓಮಿನದು ಮೂರು-ಮೂರೂವರೆ. ಎಂಟರ ಜಾಗಕ್ಕೆ ನಾಲ್ಕರದ್ದು ಹಾಕಿದರೆ ಮೊದಲಿಗೆ ದನಿ ಜೋರಾಗಿ ಕೇಳಿ ಖುಷಿಯಾಗುತ್ತದೆ. ಬಿಸಿಯಾಗಿ ಸಾಯುವುದು ಆಂಪ್ಲಿಫೈಯರ್.

ಸ್ಪೀಕರ್ ಡಬ್ಬಿಯೊಳಗೆ ಟ್ವೀಟರಿಗೆ, ಅಂದರೆ ಏರು ಸ್ವರದ ಚಿಕ್ಕ ಸ್ಪೀಕರಿಗೆ, ಸೇರಿದ ಕಂಡೆನ್ಸರ್ (ಕೆಪಾಸಿಟರ್) ಇರುತ್ತದೆ, ಸಾಮಾನ್ಯವಾಗಿ 2.2ರಿಂದ 4.7 ಮೈಕ್ರೋಫ್ಯಾರಡ್. ಅದು ಒಣಗಿದರೆ ತಬಲಾದ ಚಾಟಿ, ತಾಳದ ಝಣಝಣ ಮಂಕಾಗುತ್ತದೆ. ಅಷ್ಟೇ ಮೌಲ್ಯದ, 100 ವೋಲ್ಟಿನ ಪಾಲಿಪ್ರೊಪಿಲೀನ್ ಕಂಡೆನ್ಸರ್ ಬೆಸೆಯಿರಿ. ಪ್ಲಸ್-ಮೈನಸ್ ಗುರುತಿನ ಮಾಮೂಲಿ ಎಲೆಕ್ಟ್ರೊಲಿಟಿಕ್ ಇಲ್ಲಿ ಕೂಡದು. ಹೊಸದು ಹಾಕಿದ ಮೇಲೆ ದನಿ ಚುಚ್ಚುವಂತಾದರೆ ಒಂದು ಓಮಿನ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ. ಹಳೆಯ ಕಂಡೆನ್ಸರಿನೊಳಗಿನ ಪ್ರತಿರೋಧವೇ ಆ ಕೆಲಸ ಮಾಡುತ್ತಿದ್ದಿರಬಹುದು.

ಸ್ಪೀಕರಿಗೆ ದುಬಾರಿ ಕೇಬಲ್ ಬೇಡವೇ ಬೇಡ. ಮನೆ ವೈರಿಂಗಿನ 1.5 ಚದರ ಮಿ.ಮೀ. ತಾಮ್ರದ ಎಳೆವೈರ್ ಐದು ಮೀಟರ್ ದೂರಕ್ಕೆ ಧಾರಾಳ ಸಾಕು. ಹೋಗಿಬರುವ ಹತ್ತು ಮೀಟರಿನ ಪ್ರತಿರೋಧ ಸುಮಾರು 0.12 ಓಮ್ ಅಷ್ಟೇ. ಜೋಡಿಸುವಾಗ ಒಂದು ಸ್ಪೀಕರಿನ ಪ್ಲಸ್-ಮೈನಸ್ ತಿರುವುಮುರುವಾದರೆ ಬೇಸ್ ಮಾಯವಾಗುತ್ತದೆ. ಆಂಪ್ಲಿಫೈಯರಿನಿಂದ ಬಿಡಿಸಿದ ವೈರಿನ ತುದಿಗಳಿಗೆ, ಎರಡೂ ಸ್ಪೀಕರಿಗೆ ಒಂದೇ ರೀತಿ, ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಕ್ಷಣಮಾತ್ರ ತಗುಲಿಸಿದಾಗ ಎರಡೂ ಕೋನುಗಳು ಒಂದೇ ದಿಕ್ಕಿಗೆ ಚಲಿಸಬೇಕು.

ಇನ್ನು ಆಂಪ್ಲಿಫೈಯರ್. ಹಿಂಬದಿಯ ಪಟ್ಟಿಯಲ್ಲಿ 100 ಅಥವಾ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ನೇರ ಹಚ್ಚಬಾರದು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ವರ್ಷಗಟ್ಟಲೆ ಬಂದಾಗಿದ್ದ ಸೆಟ್ಟಿಗೆ ಮೊದಲ ಸಲ ಸಿರೀಸ್ ಬೋರ್ಡಿನ (ಸೆಟ್ಟಿಗೆ ಹೋಗುವ ಕರೆಂಟ್ ಒಂದು ಬಲ್ಬಿನ ಮೂಲಕ ಹಾಯುವ ಬೋರ್ಡ್) ಮೂಲಕವೇ ಕರೆಂಟ್ ಕೊಡಿ. 100 ವ್ಯಾಟಿನ ತಂತಿ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಲ್ಬ್ ಮಂಕಾದರೆ ಬೋರ್ಡ್ ಬಿಟ್ಟು ನೇರ ಲೈನಿಗೆ (100-120 ವೋಲ್ಟಿನ ಸೆಟ್ಟಾದರೆ ಸ್ಟೆಪ್‌ಡೌನ್ ಮೂಲಕ) ಹಚ್ಚಿ, ಸ್ಪೀಕರ್ ಜೋಡಿಸದೆ ಹತ್ತು ನಿಮಿಷ ಬಿಟ್ಟು, ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿಸಿ ವೋಲ್ಟ್ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ವೋಲ್ಟುಗಟ್ಟಲೆ ಬಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿರುವ ಸಾಧ್ಯತೆ ಹೆಚ್ಚು, ಸ್ಪೀಕರ್ ಜೋಡಿಸಿದರೆ ವೂಫರ್ ಸುಡುತ್ತದೆ. ಎಷ್ಟೋ ವೂಫರುಗಳು ಈ ಒಂದು ಪರೀಕ್ಷೆ ಮಾಡದ್ದಕ್ಕೇ ಹಾಳಾಗಿವೆ.

ವಾಲ್ಯೂಮ್ ಕಡಿಮೆಯಿದ್ದರೂ ಗುಂಯ್ ಎನ್ನುವ ಸದ್ದು ಬಿಡದಿದ್ದರೆ ಪವರ್ ಸಪ್ಲೈಯ ದೊಡ್ಡ ಕಂಡೆನ್ಸರ್ ಬದಲಿಸಿ: ಅದೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. 100 ಓಮ್, 10 ವ್ಯಾಟಿನ ರೆಸಿಸ್ಟರಿನಿಂದ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಿ. ವಾಲ್ಯೂಮ್ ತಿರುಗಿಸುವಾಗ ಚರಚರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು-ಮೂವತ್ತು ಸಲ ತಿರುಗಿಸಿದರೆ ಆಯಿತು. ಹೊಲಿಗೆ ಮಷಿನ್ನಿನ ಎಣ್ಣೆ ಹಾಕಿದರೆ ನಮ್ಮ ಎರೆಮಣ್ಣಿನ ಧೂಳೆಲ್ಲ ಅಲ್ಲೇ ಕೂರುತ್ತದೆ. ಫ್ಯೂಸ್ ಹೋದಾಗ ತಂತಿ ಸುತ್ತುವ ರೂಢಿ ಮನೆಗೆ ಬೆಂಕಿ ಹಚ್ಚುವ ಕೆಲಸ.

ಆಂಪ್ಲಿಫೈಯರ್ ಬದಲಿಸಲೇಬೇಕು ಎಂದಾದರೆ ಪಿಎಂಪಿಒ (ಜಾಹೀರಾತಿಗಾಗಿ ಉಬ್ಬಿಸಿದ ವ್ಯಾಟ್) ಅಂಕಿಗೆ ಮರುಳಾಗಬೇಡಿ. ಅಡಾಪ್ಟರ್ 12 ವೋಲ್ಟ್, 2 ಆಂಪಿಯರಿನದಾಗಿದ್ದರೆ ಅದು ಕೊಡುವುದೇ 24 ವ್ಯಾಟ್. ಸತತವಾಗಿ ಅದಕ್ಕಿಂತ ಹೆಚ್ಚು ಎಲ್ಲಿಂದಲೂ ಬರುವುದಿಲ್ಲ. ಹತ್ತು-ಹನ್ನೆರಡು ಅಡಿಯ ಕೋಣೆಯಲ್ಲಿ ಕೇಳಲು ಬಹುಪಾಲು ಹೊತ್ತು ಐದು ವ್ಯಾಟೂ ಬೇಕಾಗುವುದಿಲ್ಲ. ಮೊಬೈಲನ್ನು ಆಕ್ಸ್‌ಗೆ ಹಾಕಿ. ಫೋನೋ ಎಂದು ಬರೆದ ಕಡೆ ಹಾಕಿದರೆ ದನಿ ಒಡೆಯುತ್ತದೆ, ಏಕೆಂದರೆ ಅದು ರೆಕಾರ್ಡ್ ಪ್ಲೇಯರಿನ ಕ್ಷೀಣ ಸಿಗ್ನಲಿಗಾಗಿ ಇರುವುದು. ಟಿವಿಯ ಆಪ್ಟಿಕಲ್‌ನಿಂದ ಡ್ಯಾಕ್‌ಗೆ (ಡಿಜಿಟಲ್ ಸಿಗ್ನಲನ್ನು ಆಂಪ್ಲಿಫೈಯರಿಗೆ ಒಗ್ಗುವಂತೆ ಬದಲಿಸುವ ಡಬ್ಬಿ) ಕೊಟ್ಟು ಸದ್ದೇ ಬರದಿದ್ದರೆ ಟಿವಿಯ ಸೆಟ್ಟಿಂಗಿನಲ್ಲಿ ಪಿಸಿಎಂ ಆರಿಸಿ.

ಕೋಣೆಯ ವಿಷಯ ಯಾರೂ ಯೋಚಿಸುವುದಿಲ್ಲ. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳುವುದನ್ನು ನಮ್ಮೂರಲ್ಲಿ ಕೇಳದವರಿಲ್ಲ. ಫರಸಿ ನೆಲ, ಗಿಲಾವಿನ ಗೋಡೆ, ಸ್ಲ್ಯಾಬಿನ ಮೇಲ್ಛಾವಣಿ ಇರುವ ಮನೆಯಲ್ಲೂ ಅದೇ ಗುಣ ಸಣ್ಣದಾಗಿ ಇದ್ದೇ ಇದೆ. ಹಾಡಿನ ಮಾತು ಕಲಸಿಹೋಗುವುದು ಅದಕ್ಕೇ. ಸ್ಪೀಕರ್ ಮತ್ತು ಕೂರುವ ಜಾಗದ ನಡುವೆ ದಪ್ಪ ಜಮಖಾನೆ ಹಾಸಿ, ಎದುರು ಗೋಡೆಗೆ ಎರಡು ಪದರಿನ ಕೌದಿಯನ್ನು ನಾಲ್ಕು ಬೆರಳು ಅಂತರ ಬಿಟ್ಟು ತೂಗುಹಾಕಿ. ಸ್ಪೀಕರುಗಳನ್ನು ಗೋಡೆಯ ಮಾಡದಲ್ಲಿ ತುರುಕಬೇಡಿ, ಬೇಸ್ ಗುಮ್ಮೆನ್ನುತ್ತದೆ. ಗೋಡೆಯಿಂದ ಒಂದು-ಒಂದೂವರೆ ಅಡಿ ಮುಂದೆ ತನ್ನಿ. ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ನೆಲದ ಮೇಲೆ ಕೂತು ಕೇಳುವ ಮನೆಗಳಲ್ಲಿ ಅದು ಸುಮಾರು ಎರಡೂವರೆ ಅಡಿ. ಆಂಪ್ಲಿಫೈಯರಿನ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ. ನಮ್ಮ ಬೇಸಿಗೆಯ ಝಳಕ್ಕೆ ಮೇಲೆ ನಾಲ್ಕಿಂಚಾದರೂ ಗಾಳಿ ಆಡಬೇಕು. ಅರ್ಥಿಂಗ್ ಗುಂಡಿಗೂ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕಿ, ಒಣ ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬಿಡಿಭಾಗಕ್ಕೆ ಇಲ್ಲಿಯವರು ಸೊಲ್ಲಾಪುರ, ಪುಣೆ, ಬೆಂಗಳೂರಿನ ಎಸ್.ಪಿ. ರಸ್ತೆಯ ದಾರಿ ಹಿಡಿಯಬೇಕಾಗುತ್ತದೆ. ಈ ಕೆಲಸ ಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ನಮ್ಮ ಭಾಗದ ಐಟಿಐಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳು ತಿಂಗಳಿಗೆ ಒಂದು ಶನಿವಾರ ಊರಿನವರ ಹಳೆಯ ಸೆಟ್ಟುಗಳನ್ನು ತರಿಸಿಕೊಂಡು ವಿದ್ಯಾರ್ಥಿಗಳಿಂದ ಪರೀಕ್ಷೆ, ದುರಸ್ತಿ ಮಾಡಿಸಲಿ. ಸಾಮಾನಿನ ಖರ್ಚನ್ನು ಸೆಟ್ ತಂದವರೇ ಕೊಡಲಿ. ಸಿರೀಸ್ ಬೋರ್ಡ್, ಮಲ್ಟಿಮೀಟರ್, ಬೆಸುಗೆ ಕಡ್ಡಿ ಅಲ್ಲಿ ಹೇಗೂ ಇವೆ.

– ಸ್ಟಿರಿಯೊ ದುರಸ್ತಿ ಬಲ್ಲ ಕೆಲವು ಸಂಗೀತಾಸಕ್ತರು, ವಿಜಯಪುರ